ಬೀಜದ ಜೋಳ, ಗೆರೆ ಹಾಕಿದ ಚೀಲ

ಎಲ್ಲರಿಗೂ ನಮಸ್ಕಾರ. ವಿಜಯಪುರದ ಬಿಸಿಲು, ಅದರಲ್ಲೂ ಊಟ ಆದ ಮೇಲಿನ ಉಪನ್ಯಾಸ. ನನಗಿಂತ ನಿಮಗೇ ಕಷ್ಟ ಜಾಸ್ತಿ. ನೇರ ವಿಷಯಕ್ಕೆ ಬರುತ್ತೇನೆ.

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ತಡೆದು ಕೇಳಿದ. "ಸರ್, ನಮ್ಮೂರಿಗೆ ಟ್ಯಾಂಕರ್ ಬರೋದು ಎಂಟು ದಿನಕ್ಕೊಮ್ಮೆ. ನಾವು ಚಂದ್ರನ ಮ್ಯಾಲ ನೀರು ಹುಡುಕಾಕ ಹೊಂಟೀವಿ. ಇದು ಬರೋಬರಿ ಐತೇನ್ರಿ?" ಅವನು ಇಲ್ಲೇ ಮೂರನೇ ಸಾಲಿನಲ್ಲಿದ್ದಾನೆ. ನಗಬೇಡಿ. ಇವತ್ತಿನ ಕಷ್ಟ ಇರುವಾಗ ನಾಳೆಗಾಗಿ ಸಂಶೋಧನೆಗೆ ಹಣ ಹಾಕಬೇಕೇ? ಇವತ್ತಿನ ಈ ವಿಷಯವನ್ನು ಅವನು ನನ್ನ ಟಿಪ್ಪಣಿಗಿಂತ ಚೆನ್ನಾಗಿ ಹೇಳಿದ.

ಮೊದಲು ಲೆಕ್ಕ ನೋಡೋಣ. 2025-26ರ ಕೇಂದ್ರ ಬಜೆಟ್ಟಿನ ಒಟ್ಟು ಖರ್ಚು ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13,400 ಕೋಟಿ. ಅಂದರೆ ನೂರು ರೂಪಾಯಿಗೆ 26 ಪೈಸೆ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ತಲೆಗೆ ಹತ್ತಿರ ಹತ್ತಿರ ನಾಲ್ಕೂವರೆ ರೂಪಾಯಿ ಬೀಳುತ್ತದೆ, ಬಸ್ ಸ್ಟ್ಯಾಂಡಿನ ಅರ್ಧ ಕಪ್ ಚಹಾ. ಈ ತಲೆ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ ಬಿಡಿ. 140 ಕೋಟಿಯಿಂದ ಭಾಗಿಸಿದರೆ ಎಂಥ ದುಂದುವೆಚ್ಚವೂ ಚಹಾದ ಬೆಲೆಗೆ ಇಳಿಯುತ್ತದೆ. ಆದರೂ ಒಂದು ಮಾತು ನಿಜ. ರಾಕೆಟ್ ನಿಲ್ಲಿಸಿದ ಮಾತ್ರಕ್ಕೆ ಟ್ಯಾಂಕರ್ ಬರುವುದಿಲ್ಲ. ಅದು ಬರದಿರೋದಕ್ಕೆ ಬೇರೆ ಕಾರಣಗಳಿವೆ, ನನಗಿಂತ ನಿಮಗೇ ಗೊತ್ತು.

ಸಂಶೋಧನೆಯ ಫಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡೋಕೆ ಈಗ ಬೆಳಗಾವಿಗೆ ಹೋಗೋಣ. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಾರೆ. ಅದಕ್ಕೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ತಂಪಿನಲ್ಲಿ ಇರಬೇಕು. ಮನೆಯಲ್ಲೇ ಹೆರಿಗೆ ಮಾಡಿಸುವ ಸಿಸ್ಟರ್ ಫ್ರಿಜ್ಜು ಎಲ್ಲಿಂದ ತರಬೇಕು? ಅದಕ್ಕೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು ನೋಡಿದರು. ತಮಾಷೆ ಅಂದರೆ ಅದು 1970ರ ದಶಕದಲ್ಲಿ ಹೊಟ್ಟೆ ಹುಣ್ಣಿಗೆ ಅಂತ ಹುಟ್ಟಿದ ಔಷಧಿ. ಅದನ್ನು ಮಾಡಿದವರ ತಲೆಯಲ್ಲಿ ನಮ್ಮ ಹಳ್ಳಿಯ ಬಾಣಂತಿ ಇರಲೇ ಇಲ್ಲ.

ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯಬೇಕಾದರೆ ಹೋದ ರಕ್ತ ಎಷ್ಟು ಅಂತ ಅಳೆಯಬೇಕು. ಕಣ್ಣಳತೆ ಸಾಲದು, ಯಾವಾಗಲೂ ಕಡಿಮೆಯೇ ಹೇಳುತ್ತದೆ. ಹಾಗಾಗಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಸಿದರು. ಬಾಣಂತಿಯ ಕೆಳಗೆ ಹಾಸುವುದು. ತುದಿಯಲ್ಲಿ ಲಾಳಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. 500 ದಾಟಿದರೆ ಅಪಾಯ. ಇಷ್ಟೇ.

ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಪಾಯದ ಗೆರೆ ಮುಟ್ಟಿದ ತಾಯಂದಿರು ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೂ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬರೀ ಅಳೆಯೋಕೆ ಅಂತ ಮಾಡಿದ ಚೀಲದ ಕತೆ ಇನ್ನೂ ಮುಂದೆ ಹೋಯಿತು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಅಂಥದ್ದೇ ಗೆರೆ ಚೀಲ ಹಾಸಿ, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಆಪರೇಷನ್, ರಕ್ತ ಹೋಗಿ ಆಗುವ ಸಾವು, ಈ ಮೂರನ್ನೂ ಸೇರಿಸಿ ನೋಡಿದರೆ ಶೇಕಡಾ 60ರಷ್ಟು ಇಳಿದಿತ್ತು. ಅದು ಪ್ರಕಟವಾದದ್ದು 2023ರಲ್ಲಿ. ಬೆಳಗಾವಿಯಲ್ಲಿ ಶುರುವಾಗಿ ಇಪ್ಪತ್ತು ವರ್ಷದ ಮೇಲೆ.

ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಬೆಳಗಾವಿಯ ಆ ಅಧ್ಯಯನದಲ್ಲಿ 1,620 ತಾಯಂದಿರಿದ್ದರು. ಅವರಲ್ಲಿ 808 ಜನರಿಗೆ ಸಿಕ್ಕಿದ್ದು ಔಷಧಿ ಇಲ್ಲದ ಮಾತ್ರೆ. ಹೋಲಿಸಿ ನೋಡಬೇಕಲ್ಲ, ಅದಕ್ಕೆ. ನಾಳೆಯ ಲಾಭಕ್ಕೆ ಇವತ್ತು ಯಾರೋ ಕಾಯುತ್ತಾರೆ. ಹಾಗೆ ಕಾಯುವವರು ಸಾಮಾನ್ಯವಾಗಿ ಬಡವರೇ. ಈ ಹುಡುಗನ ಸಿಟ್ಟು ಇರುವುದು ಅಲ್ಲೇ, ಅಲ್ವಾ?

ನಮ್ಮ ಅಜ್ಜಿಯದೂ ಇದೇ ವಾದ. 1972ರ ಬರದಲ್ಲಿ ಮನೆಯಲ್ಲಿ ಉಳಿದದ್ದು ಬೀಜಕ್ಕೆ ಅಂತ ಬೂದಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ಇಟ್ಟ ಬಿಳಿಜೋಳ. ಅಜ್ಜಿ ಅದನ್ನೇ ತೊಳೆದು, ಬೀಸಿ, ರೊಟ್ಟಿ ಬಡಿದಳು. ಮುಂದಿನ ಹಿಂಗಾರಿಗೆ ಅಜ್ಜ ಬೀಜ ಸಾಲ ತಂದ. ಒಂದು ಚೀಲಕ್ಕೆ ಒಂದೂವರೆ ಚೀಲ ವಾಪಸ್. ಆ ಬಾಕಿ ಮೂರು ಸುಗ್ಗಿ ಎಳೆಯಿತು. ಕಾಲೇಜು ಕಲಿತ ಹುರುಪಿನಲ್ಲಿ ನಾನು ಅಜ್ಜಿಗೆ ಅದರ ನಷ್ಟ ಲೆಕ್ಕ ಹಾಕಿ ತೋರಿಸಿದೆ. "ತಿನ್ನದಿದ್ರ ಬಿತ್ತಾಕ ಯಾರ ಉಳೀತಿದ್ರೋ?" ಅಂದಳು. ನಾನು ಸುಮ್ನೆ ಕೂತೆ.

ಅಜ್ಜಿ ಮಾಡಿದ್ದು ಸರಿ. ಆದರೆ ಸರ್ಕಾರ ಅಜ್ಜಿಯಲ್ಲ. ಅದರ ಬಳಿ ಒಂದೇ ಗಡಿಗೆ ಇರುವುದಿಲ್ಲ. ಹೀಗಿದ್ದೂ ಕೈ ಬಿಗಿಯಾದಾಗ ಮೊದಲು ಕೈ ಹಾಕುವುದು ಬೀಜದ ಗಡಿಗೆಗೇ, ಅಂದರೆ ಸಂಶೋಧನೆಯ ಹಣಕ್ಕೇ, ಯಾಕೆಂದರೆ ಅದು ಕೂಗುವುದಿಲ್ಲ.

ನಮ್ಮ ಜಿಲ್ಲೆಯದೇ ನೋಡಿ. ಒಣಬೇಸಾಯದ ಸಂಶೋಧನೆ ಇಲ್ಲಿ ಶುರುವಾದದ್ದು 1930ರ ದಶಕದಲ್ಲಿ, ಬ್ರಿಟಿಷರ ಕಾಲಕ್ಕೆ. ಎರೆ ಹೊಲದಲ್ಲಿ ಚೌಕು ಮಡಿ ಕಟ್ಟಿ, ಬಿದ್ದ ಮಳೆಯನ್ನು ಅಲ್ಲೇ ಇಂಗಿಸಿ, ಆ ಹಸಿಯ ಮೇಲೆ ಹಿಂಗಾರಿ ಜೋಳ ಬೆಳೆಯೋದು ಎಷ್ಟು ಲಾಭ ಅನ್ನುವುದು ಒಂದು ವರ್ಷದಲ್ಲಿ ತಿಳಿಯುವುದಿಲ್ಲ. ಒಂದು ವರ್ಷ ಮಳೆ ಸುರಿಯುತ್ತದೆ, ಮೂರು ವರ್ಷ ಕೈ ಕೊಡುತ್ತದೆ. ಬರ ಬಂತು ಅಂತ ಪ್ರಯೋಗದ ಹಣ ಕಡಿದರೆ ಹೋಗುವುದು ಬರದ ವರ್ಷದ ಲೆಕ್ಕವೇ. ನಮಗೆ ಬೇಕಾದದ್ದೂ ಅದೇ! ಅದಕ್ಕೇ ನಾನು ಕೇಳುವುದು ದೊಡ್ಡ ಮೊತ್ತ ಅಲ್ಲ. 2020-21ರಲ್ಲಿ ದೇಶ, ಖಾಸಗಿಯವರದೂ ಸೇರಿ, ಸಂಶೋಧನೆಗೆ ಹಾಕಿದ್ದು ಜಿಡಿಪಿಯ ಶೇಕಡಾ 0.64 ಮಾತ್ರ. ಅದು ಬೆಳೆಯಲಿ. ಅದಕ್ಕಿಂತ ಮೊದಲು ಇರುವ ಹಣ ಹತ್ತು ವರ್ಷ ತುಂಡಾಗದೆ ಬರಲಿ. ಸಂಶೋಧಕರೂ ವರ್ಷಕ್ಕೊಮ್ಮೆ ಹೀಗೆ ಊರ ಮುಂದೆ ನಿಂತು, ಕನ್ನಡದಲ್ಲಿ, ಏನು ಮಾಡಿದೆವು, ಏನು ಕೆಟ್ಟಿತು ಅಂತ ಹೇಳಲಿ.

ಮೂರನೇ ಸಾಲಿನ ತಮ್ಮಾ, ಇದು ಮುಗಿದ ಮೇಲೆ ಹೋಗಿಬಿಡಬೇಡ. ಟ್ಯಾಂಕರಿನ ಅರ್ಜಿ ಮೊದಲು ಬರೆಯೋಣ, ಊರಿನವರ ಸಹಿ ನೀನು ಮಾಡಿಸು. ಇನ್ನೊಂದು ದಿನ, ಕೃಷಿ ಸಂಶೋಧನೆ ನಡೆಯುವ ಹಿಟ್ನಳ್ಳಿ ಫಾರ್ಮಿಗೆ ಹೋಗಿ ಬರೋಣ. ಬಸ್ ಚಾರ್ಜ್ ನನ್ನದು.