ಹಳೇ ಸಿಲಿಂಡರ್‌ನಲ್ಲಿ ಶುಂಠಿ ಸೋಡಾ: ಯಾವುದು ಆಗುತ್ತೆ, ಯಾವುದನ್ನು ಮುಟ್ಟಲೇಬಾರದು

[ದೃಶ್ಯ: ಆಲೂರು ಕಡೆಯ ಹೊಲ, ಆಗಷ್ಟೇ ಕಿತ್ತ ಶುಂಠಿ ರಾಶಿ. ನಂತರ ಗೋಡೆಗೆ ಸಾಲಾಗಿ ನಿಲ್ಲಿಸಿದ ಮೂರು ಸಿಲಿಂಡರ್: ಅಡುಗೆ ಅನಿಲದ್ದು, ಬೆಂಕಿ ಆರಿಸೋ ಕೆಂಪು ಸಿಲಿಂಡರ್, ಫ್ರಿಜ್ ರಿಪೇರಿಯವರು ಬಿಟ್ಟುಹೋದದ್ದು.]

ನಿರೂಪಣೆ:
ನಮಸ್ಕಾರ. ಹಾಸನ ಜಿಲ್ಲೆಯಲ್ಲಿ ಶುಂಠಿಗೇನೂ ಬರ ಇಲ್ಲ. ರೇಟು ಬಿದ್ದ ವರ್ಷ ಮನೆ ಜಗಲಿ ಮೇಲೇ ಚೀಲಗಟ್ಟಲೆ ಉಳಿಯುತ್ತೆ. ಅದರಿಂದ ಹುದುಗಿಸಿದ ಶುಂಠಿ ಸೋಡಾ ಮಾಡೋಕೆ ಹೊರಟವರ ಮೊದಲ ಪ್ರಶ್ನೆ, ಮೂಲೆಯಲ್ಲಿ ಬಿದ್ದಿರೋ ಹಳೇ ಸಿಲಿಂಡರ್ ಉಪಯೋಗಕ್ಕೆ ಬರುತ್ತಾ ಅನ್ನೋದು. ಈ ಮೂರರಲ್ಲಿ ಒಂದು ಮಾತ್ರ ಬರುತ್ತೆ, ಅದೂ ಸೋಡಾ ತುಂಬೋ ಪಾತ್ರೆಯಾಗಿ ಅಲ್ಲ, ಗ್ಯಾಸ್ ಕೊಡೋ ಸಿಲಿಂಡರ್ ಆಗಿ.

[ದೃಶ್ಯ: ಅಡುಗೆ ಸಿಲಿಂಡರ್ ಹತ್ತಿರದಿಂದ. ಹಿಡಿಯ ಕೆಳಗಿನ ಪಟ್ಟಿ ಮೇಲಿನ ಅಕ್ಷರ.]

ಮೊದಲು ಅಡುಗೆ ಅನಿಲದ್ದು. 14.2 ಕೆಜಿ ಸಿಲಿಂಡರ್ ಒಳಗೆ 33.3 ಲೀಟರ್ ನೀರು ಹಿಡಿಯುತ್ತೆ, ಗಟ್ಟಿ ಇದೆ, ಆಸೆ ಹುಟ್ಟೋದು ಸಹಜ. ಆದರೆ ಅದು ನಿಮ್ಮದಲ್ಲ. ನೀವು ಕಟ್ಟಿರೋದು ಡಿಪಾಸಿಟ್ ಅಷ್ಟೇ, ಸಿಲಿಂಡರ್ ತೈಲ ಕಂಪನಿಯ ಸ್ವತ್ತು. ಅದನ್ನು ಕತ್ತರಿಸೋದು, ವಾಲ್ವ್ ಬಿಚ್ಚೋದು ಎರಡೂ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೆ ವಿರುದ್ಧ. ಹೊರದೇಶದ ವಿಡಿಯೋಗಳಲ್ಲಿ ಕತ್ತರಿಸಿ ಹಂಡೆ ಮಾಡೋದು ಕಾಣಿಸುತ್ತೆ ನಿಜ. ಅಲ್ಲಿ ಎಷ್ಟೋ ಕಡೆ ಸಿಲಿಂಡರ್ ಕೊಂಡವರದ್ದೇ ಆಗಿರುತ್ತೆ.

ಕಾನೂನು ಬಿಟ್ಟರೂ ಇದು ಪ್ರಾಣದ ಪ್ರಶ್ನೆ. ಖಾಲಿ ಅನ್ನೋ ಸಿಲಿಂಡರ್ ಒಳಗೂ ಆವಿ ಉಳಿದಿರುತ್ತೆ. ಗಾಳಿಯಲ್ಲಿ ಶೇ 2ರಷ್ಟು ಎಲ್‌ಪಿಜಿ ಸೇರಿದ್ರೆ ಸಾಕು, ಗ್ರೈಂಡರ್ ಕಿಡಿಗೆ ಸ್ಫೋಟ ಆಗುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ವಾಲ್ವ್ ತೆರೆದಿಟ್ಟ ಮಾತ್ರಕ್ಕೆ ತಳದಿಂದ ಎದ್ದು ಹೋಗಲ್ಲ. ವಾಸನೆಗೆ ಬೆರೆಸೋ ಈಥೈಲ್ ಮರ್ಕ್ಯಾಪ್ಟನ್ ಎಷ್ಟು ತೊಳೆದರೂ ಬಿಡಲ್ಲ. ಜೊತೆಗೆ ಅದು ಸಾಧಾರಣ ಕಬ್ಬಿಣದ ಉಕ್ಕು. ಶುಂಠಿ ಸೋಡಾದ ಪಿಎಚ್ 3ರಿಂದ 3.5. ಈ ಹುಳಿಗೆ ಕಬ್ಬಿಣ ಕರಗಿ ಒಂದೆರಡು ದಿನದಲ್ಲೇ ನಾಲಿಗೆಗೆ ಕಬ್ಬಿಣದ ರುಚಿ ಹತ್ತುತ್ತೆ. ಹಳೇ ಸಿಲಿಂಡರ್ ಇದ್ದರೆ ಏಜೆನ್ಸಿಗೆ ವಾಪಸ್ ಕೊಟ್ಟು ಡಿಪಾಸಿಟ್ ತಗೊಳ್ಳಿ. ಇನ್ನೊಂದು ಮಾತು, ಈಗ ಬಳಸ್ತಿರೋ ಸಿಲಿಂಡರ್ ಪಟ್ಟಿ ಮೇಲೆ ‘ಬಿ-27’ ಅಂತ ಇದ್ರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ಮರುಪರೀಕ್ಷೆ ಆಗಬೇಕು ಅಂತರ್ಥ. ಅವಧಿ ಮುಗಿದದ್ದು ಮನೆಗೆ ಬಂದ್ರೆ ತಗೋಬೇಡಿ.

ಫ್ರಿಜ್ ಗ್ಯಾಸ್ ಸಿಲಿಂಡರ್ ಮತ್ತೆ ತುಂಬೋದಕ್ಕೆ ಮಾಡಿದ್ದೇ ಅಲ್ಲ. ಗುಜರಿಗೆ ಹಾಕಿ.

[ದೃಶ್ಯ: ಕೆಂಪು ಸಿಲಿಂಡರ್. ಭುಜದ ಮೇಲೆ ಕೊರೆದ ಅಂಕಿಗಳು.]

ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೆಂಕಿಗೆ ಅಂತ ಇಟ್ಟಿರೋ 4.5 ಕೆಜಿಯದ್ದು ಇದೇ. ಪೌಡರ್ ತುಂಬಿದ್ದು ಬೇರೆ, ಅದು ಬೇಡ. ಭುಜದ ಮೇಲೆ ಖಾಲಿ ತೂಕ, ನೀರಿನ ಸಾಮರ್ಥ್ಯ, ಪರೀಕ್ಷಾ ಒತ್ತಡ, ಪರೀಕ್ಷೆ ಆದ ತಿಂಗಳು-ವರ್ಷ ಕೊರೆದಿರ್ತಾರೆ. 5 ವರ್ಷ ದಾಟಿದ್ರೆ ಪರವಾನಗಿ ಇರೋ ಕೇಂದ್ರದಲ್ಲಿ ನೀರಿನ ಒತ್ತಡದ ಪರೀಕ್ಷೆ ಮಾಡಿಸದೆ ತುಂಬಿಸೋ ಹಾಗಿಲ್ಲ. ಅಂಕಿ ಓದೋಕೆ ಆಗ್ತಿಲ್ಲ, ತುಕ್ಕು ಗುಳಿ ಬಿದ್ದಿದೆ, ಬೆಂಕಿಗೆ ಸಿಕ್ಕಿ ಬಣ್ಣ ಸುಟ್ಟಿದೆ ಅಂದ್ರೆ ಆಸೆ ಬಿಟ್ಟುಬಿಡಿ. 20 ಡಿಗ್ರಿಯಲ್ಲೇ ಒಳಗೆ ಸುಮಾರು 57 ಬಾರ್ ಒತ್ತಡ ಇರುತ್ತೆ.

ಬಹಳ ಜನ ಎಡವೋದು ಇಲ್ಲಿ. ಬೆಂಕಿ ಆರಿಸೋ ಸಿಲಿಂಡರ್ ಒಳಗೆ ತಳದವರೆಗೆ ಇಳಿದ ಒಂದು ಕೊಳವೆ ಇರುತ್ತೆ, ಹ್ಯಾಂಡಲ್ ಒತ್ತಿದಾಗ ದ್ರವವೇ ಹೊರಗೆ ಬರಲಿ ಅಂತ. ಅದಕ್ಕೆ ಹಾಗೇ ರೆಗ್ಯುಲೇಟರ್ ಹಾಕಿದ್ರೆ ದ್ರವ ಕಾರ್ಬನ್ ಡೈಆಕ್ಸೈಡ್ ಒಳಗೆ ನುಗ್ಗಿ ರೆಗ್ಯುಲೇಟರ್ ಹೆಪ್ಪುಗಟ್ಟುತ್ತೆ, ಅದರೊಳಗಿನ ತೆಳು ಪರದೆ (ಡಯಾಫ್ರಂ) ಹರಿಯುತ್ತೆ. ಪರೀಕ್ಷೆ ಮಾಡೋ ಕೇಂದ್ರದಲ್ಲೇ ಹೇಳಿ ಕೊಳವೆ ತೆಗೆಸಿ, ತಿರುಗಿಸೋ ವಾಲ್ವ್ ಹಾಕಿಸಿ. ಮನೆಯಲ್ಲಿ ಸ್ಪ್ಯಾನರ್ ಹಚ್ಚಲೇಬೇಡಿ. ತುಂಬಿಸುವಾಗ ಆಹಾರ ದರ್ಜೆಯ ಗ್ಯಾಸ್ ಕೇಳಿ, ವೆಲ್ಡಿಂಗ್‌ನದ್ದು ಬೇಡ. 6.7 ಲೀಟರ್ ಸಿಲಿಂಡರ್‌ಗೆ 4.5 ಕೆಜಿಗಿಂತ ಹೆಚ್ಚು ತುಂಬೋ ಹಾಗಿಲ್ಲ, ಬಿಸಿಲಿಗೆ ದ್ರವ ಹಿಗ್ಗೋಕೆ ಜಾಗ ಬೇಕು.

[ದೃಶ್ಯ: 19 ಲೀಟರ್ ಸ್ಟೀಲ್ ಕೆಗ್, ಮುಚ್ಚಳ, ಎರಡು ಕನೆಕ್ಷನ್.]

ಸೋಡಾ ತುಂಬೋದಕ್ಕೆ ಕೂಲ್ ಡ್ರಿಂಕ್ ಕಂಪನಿಗಳು ಬಳಸ್ತಿದ್ದ 19 ಲೀಟರ್ ಕೆಗ್, ಅಂದ್ರೆ ಒತ್ತಡ ತಡೆಯೋ ಮುಚ್ಚಿದ ಪಾತ್ರೆ ಬೇಕು. 304 ದರ್ಜೆಯ ಸ್ಟೀಲ್, 130 ಪಿಎಸ್ಐ ತಡೆಯುತ್ತೆ, ಮುಚ್ಚಳದಲ್ಲೇ ಸೇಫ್ಟಿ ವಾಲ್ವ್ ಇದೆ. ಡೇರಿ ಕ್ಯಾನ್ ಆಗಲ್ವಾ ಅಂದ್ರೆ, ಅಲ್ಯೂಮಿನಿಯಂ ಕ್ಯಾನ್ ಹುಳಿಗೆ ತಡೆಯಲ್ಲ, ಸ್ಟೀಲ್ ಕ್ಯಾನ್ ಆದರೂ ಅದರ ಮುಚ್ಚಳ ಒತ್ತಡ ತಡೆಯಲ್ಲ. ಪಾತ್ರೆ ಅಂಗಡಿ ಸ್ಟೀಲಿಗೆ ಅಯಸ್ಕಾಂತ ಹಿಡಿದು ನೋಡೋದೂ ಪ್ರಯೋಜನ ಇಲ್ಲ. 202 ದರ್ಜೆಯ ಅಗ್ಗದ ಸ್ಟೀಲಿಗೂ ಅದು ಅಂಟಲ್ಲ.

[ದೃಶ್ಯ: ಶುಂಠಿ ಜಜ್ಜುವುದು, ಗಾಜಿನ ಜಾಡಿಯಲ್ಲಿ ಗುಳ್ಳೆ.]

18 ಲೀಟರಿಗೆ ಲೆಕ್ಕ. ಐದು ದಿನ ಮುಂಚೆ ಶುಂಠಿ ಹೆಪ್ಪು ಮಾಡ್ಕೊಳ್ಳಿ: ಅರ್ಧ ಲೀಟರ್ ಆರಿದ ನೀರು, ಎರಡು ಚಮಚ ಸಿಪ್ಪೆ ಸಮೇತ ತುರಿದ ಶುಂಠಿ, ಎರಡು ಚಮಚ ಸಕ್ಕರೆ. ದಿನಾ ಒಂದೊಂದು ಚಮಚ ಸೇರಿಸಿ, ಬಟ್ಟೆ ಕಟ್ಟಿಡಿ. ಸಿಪ್ಪೆ ಮೇಲಿನ ಯೀಸ್ಟೇ ಇದಕ್ಕೆ ಮೂಲ, ಅದಕ್ಕೇ ಔಷಧಿಯಲ್ಲಿ ಅದ್ದಿದ ಬಿತ್ತನೆ ಶುಂಠಿ ಬೇಡವೇ ಬೇಡ. ಡಿಸೆಂಬರ್ ಚಳಿಯಲ್ಲಿ ಐದು ದಿನ ಸಾಲಲ್ಲ, ಒಲೆ ಹತ್ತಿರ ಇಡಿ.

800 ಗ್ರಾಂ ಬಲಿತ ಶುಂಠಿ ಜಜ್ಜಿ, 1.4 ಕೆಜಿ ಸಕ್ಕರೆ ಜೊತೆ ನಾಲ್ಕು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ. ಕುದಿಸಿ ಆರಿಸಿದ ನೀರು, ಹನ್ನೆರಡು ನಿಂಬೆಹಣ್ಣಿನ ರಸ ಸೇರಿಸಿ ಒಟ್ಟು 18 ಲೀಟರ್ ಮಾಡಿ. 30 ಡಿಗ್ರಿಗಿಂತ ಕೆಳಗೆ ಇಳಿದ ಮೇಲೇ ಸೋಸಿದ ಹೆಪ್ಪು ಹಾಕಿ, ಬಿಸಿಯಲ್ಲಿ ಹಾಕಿದ್ರೆ ಯೀಸ್ಟ್ ಸಾಯುತ್ತೆ.

ಈಗ ದ್ರವದ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಬಿಟ್ಟು ನೋಡಿ, ಹತ್ತಿರ ಹತ್ತಿರ 1.030 ತೋರಿಸಬೇಕು. ಅದು 1.027ಕ್ಕೆ ಇಳಿದ ಕೂಡಲೇ ತಣಿಸಿ ಹುದುಗು ತಡೆಯಬೇಕು, 25 ಡಿಗ್ರಿಯಲ್ಲಿ ಸುಮಾರು ಒಂದು ದಿನ. ಇಳಿಕೆಯನ್ನು 131ರಿಂದ ಗುಣಿಸಿದ್ರೆ ಆಲ್ಕೋಹಾಲ್ ಶೇಕಡಾ ಸಿಗುತ್ತೆ: ಇಲ್ಲಿ 0.4. ಎರಡು-ಮೂರು ದಿನ ಮರೆತು ಬಿಟ್ಟರೆ ಅದು ಸೋಡಾ ಅಲ್ಲ, ಮದ್ಯ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸೋ ಹಾಗಿಲ್ಲ. ಇಷ್ಟೆಲ್ಲಾ ಮಾಡಿ ಹೊರಗಿನ ಗ್ಯಾಸ್ ಕೊಡೋದು ಇದಕ್ಕೇ. ರುಚಿ ಹುದುಗಿನಿಂದ ಬರಲಿ, ಗುಳ್ಳೆ ಸಿಲಿಂಡರಿನಿಂದ ಬರಲಿ.

ಇದೇ ಕಾರಣಕ್ಕೆ ಗಾಜಿನ ಬಾಟಲಿಗೆ ತುಂಬಿ ಬಿರಡೆ ಹಾಕಿ ಹೊರಗಿಡಬೇಡಿ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದ್ರೆ ಆ ದ್ರವದಷ್ಟೇ ಪ್ರಮಾಣದ ಗ್ಯಾಸ್ ಹುಟ್ಟುತ್ತೆ. ಇಲ್ಲಿ ಲೀಟರಿಗೆ ಉಳಿದಿರೋದು 70 ಗ್ರಾಂ. ಬಾಟಲಿ ಖಂಡಿತ ಸಿಡಿಯುತ್ತೆ.

[ದೃಶ್ಯ: ತಟ್ಟೆ ತೆಗೆದ ಫ್ರಿಜ್ ಒಳಗೆ ಕೆಗ್, ಹೊರಗೆ ಗೋಡೆಗೆ ಸರಪಳಿ ಕಟ್ಟಿದ ಸಿಲಿಂಡರ್.]

ದಪ್ಪ ಬಟ್ಟೆಯಲ್ಲಿ ಸೋಸಿ ಕೆಗ್‌ಗೆ ತುಂಬಿ, 4 ಡಿಗ್ರಿಗೆ ತಣಿಸಿ. ರೆಗ್ಯುಲೇಟರ್ ಕಾರ್ಬನ್ ಡೈಆಕ್ಸೈಡ್‌ದೇ ಆಗಬೇಕು. ಉರಿಯೋ ಗ್ಯಾಸಿನ ವಾಲ್ವ್ ತಿರುಪಿನ ಮರೆ (ಥ್ರೆಡ್) ಎಡಕ್ಕೆ, ಇದರದ್ದು ಬಲಕ್ಕೆ, ಬಲವಂತವಾಗಿ ಕೂರಿಸಬೇಡಿ. ಗ್ಯಾಸ್ ಬಿಟ್ಟು, ಮುಚ್ಚಳದ ರಿಂಗ್ ಎಳೆದು ಮೂರು-ನಾಲ್ಕು ಸಲ ಒಳಗಿನ ಗಾಳಿ ಹೊರಹಾಕಿ. ಎಷ್ಟು ಒತ್ತಡ ಇಡಬೇಕು ಅಂತ ತೋರಿಸೋ ಸಮುದ್ರ ಮಟ್ಟದ ಚಾರ್ಟ್ 25 ಪಿಎಸ್ಐ ಅಂದರೆ ಹಾಸನ, ಚಿಕ್ಕಮಗಳೂರಲ್ಲಿ 26.5 ಇಡಿ. ನಾವು ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿದ್ದೀವಿ, ಹೊರಗಿನ ಗಾಳಿಯ ಒತ್ತಡ ಅಷ್ಟು ಕಡಿಮೆ. ಒಂದು ವಾರ ಹಾಗೇ ಬಿಡಿ. ಬಡಿಸುವಾಗ 10ಕ್ಕೆ ಇಳಿಸಿ, ಇಲ್ಲದಿದ್ರೆ ಲೋಟದ ತುಂಬಾ ನೊರೆ.

ಜಾಯಿಂಟ್‌ಗಳಿಗೆಲ್ಲ ಸೋಪು ನೀರು ಹಚ್ಚಿ ನೋಡಿ. ರಾತ್ರಿಯೆಲ್ಲಾ ಸೋರಿದ್ರೆ ಗ್ಯಾಸ್ ದಂಡ ಆಗೋದಷ್ಟೇ ಅಲ್ಲ, 1 ಕೆಜಿ ದ್ರವ 500 ಲೀಟರಿಗೂ ಹೆಚ್ಚು ಗ್ಯಾಸ್ ಆಗುತ್ತೆ. ಕಿಟಕಿ ಇಲ್ಲದ ಸ್ಟೋರ್ ರೂಮಿನಲ್ಲಿ ಅದರಿಂದ ಉಸಿರು ಕಟ್ಟುತ್ತೆ. ಎಷ್ಟು ಉಳಿದಿದೆ ಅಂತ ಮೀಟರ್ ನೋಡಿ ಹೇಳೋಕಾಗಲ್ಲ, ದ್ರವ ಇರೋವರೆಗೂ ಮುಳ್ಳು ಅಲ್ಲಾಡಲ್ಲ. ತೂಕ ಹಾಕಿ, ಭುಜದ ಮೇಲಿನ ಖಾಲಿ ತೂಕ ಕಳೆಯಿರಿ. ಒಂದು ಕೆಗ್‌ಗೆ ಸುಮಾರು ಕಾಲು ಕೆಜಿ ಖರ್ಚು.

ಫ್ರಿಜ್ ಒಳಗೂ ಯೀಸ್ಟ್ ನಿಧಾನಕ್ಕೆ ಕೆಲಸ ಮಾಡ್ತಾನೇ ಇರುತ್ತೆ, ಎರಡು ವಾರದೊಳಗೆ ಕುಡಿದು ಮುಗಿಸಿ. ಖಾಲಿಯಾದ ಕೆಗ್‌ನ ಒತ್ತಡ ಪೂರ್ತಿ ಬಿಟ್ಟ ಮೇಲೇ ಮುಚ್ಚಳ ತೆಗೆದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೊಳೆಯಿರಿ. ಬ್ಲೀಚಿಂಗ್ ಪೌಡರ್ ಹಾಕಿದ್ರೆ ಅದರ ಕ್ಲೋರಿನ್‌ಗೆ ಸ್ಟೀಲ್ ಸಣ್ಣ ಸಣ್ಣ ಗುಳಿ ಬೀಳುತ್ತೆ.