ನಿಖರತೆ ಗೋಡೆಯಿಂದಲೇ ಶುರು

ಕೇಳುಗರೇ, ನಮಸ್ಕಾರ.

ರೋಬೋಟಿಕ್ಸ್ ಲ್ಯಾಬ್‌ಗಳಲ್ಲಿ ಅಂಗೈ ಮೇಲೆ ಕೂರುವಂಥ ಪುಟ್ಟ ಡ್ರೋನ್‌ಗಳು ಹಾರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಸ್ವೀಡನ್ನಿನ ಬಿಟ್‌ಕ್ರೇಜ್ ಕಂಪನಿಯ ಕ್ರೇಜಿಫ್ಲೈ ಅಂಥದ್ದೊಂದು, ತೂಕ ಬರೀ 27 ಗ್ರಾಂ. ಕಟ್ಟಡದೊಳಗೆ ಜಿಪಿಎಸ್ ಕೈಕೊಡುತ್ತದೆ. ಹಾಗಾದರೆ ತಾನು ಕೋಣೆಯ ಯಾವ ಜಾಗದಲ್ಲಿದ್ದೇನೆಂದು ಡ್ರೋನಿಗೆ ತಿಳಿಯುವುದು ಹೇಗೆ? ಅದಕ್ಕಿರುವ ಒಂದು ದಾರಿ ವಾಲ್ವ್ ಕಂಪನಿಯ ಲೈಟ್‌ಹೌಸ್ ವ್ಯವಸ್ಥೆ. ವರ್ಚುವಲ್ ರಿಯಾಲಿಟಿ ಆಟಗಳಿಗೆಂದು ಹುಟ್ಟಿ, 2016ರಲ್ಲಿ ಎಚ್‌ಟಿಸಿ ವೈವ್ ಹೆಡ್‌ಸೆಟ್‌ನೊಂದಿಗೆ ಮಾರುಕಟ್ಟೆಗೆ ಬಂದದ್ದು ಈಗ ಪ್ರಯೋಗಾಲಯಗಳಿಗೂ ನೆಚ್ಚಿನದಾಗಿದೆ. ಅದರ ಬೇಸ್ ಸ್ಟೇಷನ್‌ಗಳನ್ನು, ಅಂದರೆ ಗೋಡೆಯ ಮೇಲಿಂದ ಲೇಸರ್ ಬೆಳಕು ಬೀರುವ ಪೆಟ್ಟಿಗೆಗಳನ್ನು, ಕೂರಿಸುವ ಕೆಲಸದ ಬಗ್ಗೆ ಇವತ್ತು ನನ್ನ ಮಾತು. ಸಾಫ್ಟ್‌ವೇರ್ ಸರಿಪಡಿಸಲು ವಾರಗಟ್ಟಲೆ ಕೂರುವ ವಿದ್ಯಾರ್ಥಿಗಳು ಅವನ್ನು ಹಿಡಿದಿಡುವ ಬ್ರಾಕೆಟ್ಟಿಗೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಕೊಡಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಬೇಸ್ ಸ್ಟೇಷನ್ ಕ್ಯಾಮೆರಾ ಅಲ್ಲ, ಅದು ಯಾರನ್ನೂ ನೋಡುವುದಿಲ್ಲ. ಎರಡನೇ ತಲೆಮಾರಿನ ಸ್ಟೇಷನ್‌ನಲ್ಲಿ ಒಂದೇ ಒಂದು ರೋಟರ್ ಇದ್ದು, ಸೆಕೆಂಡಿಗೆ ಸುಮಾರು 50 ಸುತ್ತು ತಿರುಗುತ್ತದೆ. ಅದರಿಂದ ಹೊರಡುವ, ಕಣ್ಣಿಗೆ ಕಾಣದ ಎರಡು ಓರೆ ಲೇಸರ್ ಹಾಳೆಗಳು ಕೋಣೆಯನ್ನೆಲ್ಲ ಸವರಿ ಹೋಗುತ್ತವೆ. ಡ್ರೋನಿನ ಬೆನ್ನ ಮೇಲಿನ ನಾಲ್ಕು ಸೆನ್ಸರ್‌ಗಳಿಗೆ ಬೆಳಕು ತಾಗಿದ ಹೊತ್ತೇ ಲೆಕ್ಕ. ಹೊತ್ತಿನಿಂದ ಕೋನ, ಕೋನದಿಂದ ಜಾಗ. 5 ಮೀಟರ್ ದೂರದಲ್ಲಿ ಒಂದು ಮಿಲಿಮೀಟರ್ ದಾಟಲು ಆ ಬೆಳಕಿಗೆ ಮುಕ್ಕಾಲು ಮೈಕ್ರೋಸೆಕೆಂಡೂ ಬೇಡ. ಎಲೆಕ್ಟ್ರಾನಿಕ್ಸ್ ಅಷ್ಟು ಸೂಕ್ಷ್ಮವನ್ನೂ ಹಿಡಿಯುತ್ತದೆ.

ಆದರೆ ಸ್ಟೇಷನ್ನೇ ಅಲುಗಿದರೆ? 10 ಸೆಂಟಿಮೀಟರ್ ಉದ್ದದ ಬ್ರಾಕೆಟ್ಟಿನ ತುದಿ ಒಂದೇ ಒಂದು ಮಿಲಿಮೀಟರ್ ಜಗ್ಗಿತೆನ್ನಿ. 5 ಮೀಟರ್ ಆಚೆ ಕಿರಣ 5 ಸೆಂಟಿಮೀಟರ್ ಸರಿದಿರುತ್ತದೆ. ಸ್ಟೇಷನ್‌ಗಳು ಎಲ್ಲಿವೆ, ಎತ್ತ ಮುಖ ಮಾಡಿವೆ ಎಂಬುದು ಡ್ರೋನಿನ ಮೆಮರಿಯಲ್ಲಿ ಮೊದಲೇ ಬರೆದಿರುತ್ತದೆ. ಅದು ಹಳೆಯ ಲೆಕ್ಕವನ್ನೇ ನಂಬಿ ಹಾರುತ್ತದೆ. ಒಂದು ಸ್ಟೇಷನ್ ಮರೆಯಾಗಿ ಇನ್ನೊಂದರ ಬೆಳಕಷ್ಟೇ ಸಿಕ್ಕ ಗಳಿಗೆಯಲ್ಲಿ ಡ್ರೋನ್ ತಟ್ಟನೆ ಪಕ್ಕಕ್ಕೆ ಜಿಗಿಯುತ್ತದೆ. ಹುಡುಗರು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತ ಕೂರುತ್ತಾರೆ, ತಪ್ಪು ಇರುವುದು ಸಡಿಲವಾದ ಸ್ಕ್ರೂನಲ್ಲಿ.

ಆದ್ದರಿಂದ ಮೊದಲು ಗೋಡೆ ನೋಡಿ. ಕಾಂಕ್ರೀಟ್ ಕಂಬವೋ ಇಟ್ಟಿಗೆ ಗೋಡೆಯೋ ಇದ್ದರೆ ಡ್ರಿಲ್ ಮಾಡಿ, ಪ್ಲಗ್ ಬಡಿದು, ಬ್ರಾಕೆಟ್ ಬಿಗಿಯಿರಿ. ಪ್ಲೈವುಡ್ ಪಾರ್ಟಿಷನ್ ಬೇಡ, ಬಾಗಿಲು ಬಡಿದಾಗಲೆಲ್ಲ ಅದು ನಡುಗುತ್ತದೆ. ಫಾಲ್ಸ್ ಸೀಲಿಂಗ್ ಅಂತೂ ಬೇಡವೇ ಬೇಡ. ನಮ್ಮ ಕಡೆಯ ಕೋಣೆಗಳಲ್ಲಿ ಸೀಲಿಂಗ್ ಫ್ಯಾನ್ ಇರುತ್ತದಲ್ಲ, ಅದರ ಹತ್ತಿರವೂ ಬೇಡ. ಟ್ರೈಪಾಡ್ ಒಂದು ದಿನದ ಪ್ರದರ್ಶನಕ್ಕೆ ಸರಿ, ಯಾರೋ ಎಡವುವವರೆಗೆ. ಎತ್ತರ 2 ಮೀಟರಿಗಿಂತ ಹೆಚ್ಚಿರಲಿ. ಎರಡು ಸ್ಟೇಷನ್‌ಗಳು ಎದುರುಬದುರು ಮೂಲೆಗಳಲ್ಲಿ, ಸುಮಾರು 30 ಡಿಗ್ರಿ ಕೆಳಕ್ಕೆ ಬಾಗಿರಲಿ.

ಆಮೇಲೆ ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಗಾಜಿನ ಬೀರು, ವೈಟ್‌ಬೋರ್ಡ್, ಮಿರಮಿರ ಮಿಂಚುವ ಗ್ರಾನೈಟ್ ನೆಲ, ಇವೆಲ್ಲ ಲೇಸರ್ ಬೆಳಕನ್ನು ತಿರುಗಿಸಿ ಎಸೆಯುತ್ತವೆ. ನೆಲಕ್ಕೆ ಚಾಪೆ, ಗಾಜಿಗೆ ಬಟ್ಟೆ. ಈ ಲೇಸರಿನಂತೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಕಿರಣಗಳಿರುವುದರಿಂದ ಕಿಟಕಿಗೆ ದಪ್ಪ ಪರದೆ ಎಳೆಯಿರಿ.

ಕಾನ್ಫಿಗರೇಷನ್ ಹೆಚ್ಚು ಹೊತ್ತಿನ ಕೆಲಸವಲ್ಲ. ಎರಡನೇ ತಲೆಮಾರಿನಲ್ಲಿ 16 ಚಾನೆಲ್‌ಗಳಿದ್ದು, ಪ್ರತಿ ಚಾನೆಲ್‌ಗೂ ರೋಟರಿನ ವೇಗ ಚೂರು ಬೇರೆ. ಒಂದೊಂದು ಸ್ಟೇಷನ್‌ಗೂ ಬೇರೆ ಬೇರೆ ಚಾನೆಲ್ ಕೊಡಬೇಕು. ಗೋಡೆಗೆ ಏರಿಸುವ ಮೊದಲೇ, ಮೇಜಿನ ಮೇಲಿಟ್ಟುಕೊಂಡು ಯುಎಸ್‌ಬಿ ಕೇಬಲ್ ಹಾಕಿ ಇದನ್ನು ಮುಗಿಸಿ. ಚಾನೆಲ್ ಸಂಖ್ಯೆಯನ್ನು ಸ್ಟಿಕ್ಕರಿನಲ್ಲಿ ಬರೆದು ಅಂಟಿಸಿ. ಏಣಿ ಹತ್ತಿ ಇಳಿಯುವುದು ತಪ್ಪುತ್ತದೆ.

ಮುಂದಿನದು ಡ್ರೋನಿಗೆ ಕೋಣೆಯ ಪರಿಚಯ ಮಾಡಿಸುವುದು. ಅದನ್ನು ಅಳತೆಯೆಲ್ಲ ಶುರುವಾಗುವ ಮೂಲಬಿಂದುವಿನಲ್ಲಿ ಇಡಿ, ಆಮೇಲೆ ಎಕ್ಸ್ ಅಕ್ಷದ ಮೇಲೆ ಸರಿಯಾಗಿ ಒಂದು ಮೀಟರ್ ಮುಂದೆ, ಬಳಿಕ ನೆಲದ ಬೇರೆ ಕಡೆಗಳಲ್ಲಿ, ಕೊನೆಗೆ ಕೈಯಲ್ಲಿ ಹಿಡಿದು ಗಾಳಿಯಲ್ಲಿ. ಇಲ್ಲಿ ಅವಸರ ಸಲ್ಲ. ಆ ಒಂದು ಮೀಟರನ್ನು ಟೇಪ್ ಹಿಡಿದು ಅಳೆಯಿರಿ, ಹೆಜ್ಜೆ ಲೆಕ್ಕದಲ್ಲಿ ಬೇಡ. ಅದು ತಪ್ಪಿದರೆ ಇಡೀ ಕೋಣೆಯ ಅಳತೆಯೇ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ.

2017ರಲ್ಲಿ ಸಂಶೋಧಕ ಡಿಡೆರಿಕ್ ನೀಹಾರ್ಸ್ಟರ್ ಮತ್ತು ಸಂಗಡಿಗರು ವೈವ್ ಹೆಡ್‌ಸೆಟ್ಟನ್ನು ಪರೀಕ್ಷಿಸಿದಾಗ, ಅದು ತೋರಿಸುವ ನೆಲ ನಿಜವಾದ ನೆಲಕ್ಕೆ ಸಮನಾಗಿರದೆ ವಾಲಿರುವುದು ಕಂಡಿತು. ಟ್ರ್ಯಾಕಿಂಗ್ ತಪ್ಪಿ ಮತ್ತೆ ಸಿಕ್ಕಾಗ ಆ ವಾಲಿಕೆಯೂ ಬದಲಾಗುತ್ತಿತ್ತು. ಡ್ರೋನಿನ ಲೆಕ್ಕದ ರೀತಿ ಬೇರೆಯಾದರೂ ಪರೀಕ್ಷೆ ಬಿಡುವಂತಿಲ್ಲ. ನೆಲದ ಮೇಲೆ ನಾಲ್ಕಾರು ಕಡೆ ಟೇಪ್ ಅಂಟಿಸಿ ಗುರುತು ಮಾಡಿ. ದಿನದ ಮೊದಲ ಹಾರಾಟಕ್ಕೆ ಮುಂಚೆ ಡ್ರೋನನ್ನು ಪ್ರತಿ ಗುರುತಿನ ಮೇಲೂ ಇಟ್ಟು ಕಂಪ್ಯೂಟರ್ ಪರದೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ನಿನ್ನೆಯ ಅಂಕಿಗೂ ಇವತ್ತಿನದಕ್ಕೂ 2 ಸೆಂಟಿಮೀಟರ್ ಅಂತರ ಬಂತೋ, ಅಂದಿನ ಹಾರಾಟ ನಿಲ್ಲಿಸಿ ಏಣಿ ತನ್ನಿ. ಬ್ರಾಕೆಟ್ ಬಿಗಿ ಮಾಡಿದ ಮೇಲೆ ಮೂಲಬಿಂದುವಿನಿಂದಲೇ ಅಳತೆ ಮತ್ತೆ ಶುರು ಮಾಡಿ.

ನಮಸ್ಕಾರ.