ಮರೆವನ್ನು ವರ್ಷಗಟ್ಟಲೆ ಕಾದು ನೋಡಿದವರು

ಕೇಳುಗರೇ, ನಮಸ್ಕಾರ.

ವಯಸ್ಸಾದವರ ಕೈಗೆ ಒಂದು ಹಾಳೆ ಕೊಟ್ಟು, "ಗಡಿಯಾರ ಬರೆಯಿರಿ, ಮುಳ್ಳುಗಳು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲಿ" ಎನ್ನುತ್ತಾರೆ ವೈದ್ಯರು. ಕೆಲವರು ವೃತ್ತವನ್ನು ಸರಿಯಾಗಿಯೇ ಎಳೆಯುತ್ತಾರೆ, ಆದರೆ ಅಂಕಿಗಳೆಲ್ಲ ಒಂದೇ ಕಡೆ ಒತ್ತಾಗುತ್ತವೆ. ಹತ್ತು ನಿಮಿಷ ಎಂದದ್ದಕ್ಕೆ ಮುಳ್ಳು ಹತ್ತರ ಅಂಕಿಯ ಮೇಲೇ ಹೋಗಿ ಕೂರುತ್ತದೆ. ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆಯ ಶಕ್ತಿ ಕುಂದುತ್ತ ಹೋಗುವ ಸ್ಥಿತಿ, ಅದನ್ನು ಗುರುತಿಸಲು ಇಂಥ ಪರೀಕ್ಷೆ ಬೇಕು. ಆದರೆ ಅದು ತೋರಿಸುವುದು ಆ ಹೊತ್ತಿನ ಸ್ಥಿತಿಯನ್ನಷ್ಟೇ. ಹೆಚ್ಚು ಓದಿದವರು ಕಾಯಿಲೆ ಶುರುವಾಗಿದ್ದರೂ ಹೇಗೋ ನಿಭಾಯಿಸಿಬಿಡಬಹುದು, ಶಾಲೆಯ ಮುಖವನ್ನೇ ನೋಡದವರು ಕಾಯಿಲೆಯಿಲ್ಲದೆಯೂ ತಡವರಿಸಬಹುದು. ಎಷ್ಟು ಹೋಗಿದೆ ಎಂದು ತಿಳಿಯಲು ಮೊದಲು ಎಷ್ಟಿತ್ತು ಎಂದು ಗೊತ್ತಿರಬೇಕಲ್ಲ!

ಅದಕ್ಕಾಗಿಯೇ ಒಬ್ಬೊಬ್ಬರನ್ನೂ ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನಗಳು ಹುಟ್ಟಿಕೊಂಡವು. 1986ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕರು ಕ್ರೈಸ್ತ ಸನ್ಯಾಸಿನಿಯರ ನಡುವೆ ಅಂಥದೊಂದು ಕೆಲಸ ಆರಂಭಿಸಿದರು. ಮುಂದೆ 75 ದಾಟಿದ 678 ಸನ್ಯಾಸಿನಿಯರು ಅದಕ್ಕೆ ಸೇರಿದರು. ಆಗಾಗ ಪರೀಕ್ಷೆಗೆ ಕೂರುವುದಕ್ಕೆ ಮಾತ್ರವಲ್ಲ, ಸತ್ತ ಮೇಲೆ ಮೆದುಳನ್ನು ದಾನ ಕೊಡುವುದಕ್ಕೂ ಒಪ್ಪಿದರು. ಆ ಒಪ್ಪಿಗೆಯನ್ನು ನೆನೆದರೆ ನನಗೆ ಇಂದಿಗೂ ಕೈಮುಗಿಯಬೇಕು ಅನಿಸುತ್ತದೆ.

ಮಠದ ಕಡತಗಳಲ್ಲಿ, ಇವರಲ್ಲಿ ಹಲವರು ಸುಮಾರು ಇಪ್ಪತ್ತೆರಡರ ಹರೆಯದಲ್ಲಿ ಕೈಯಾರೆ ಬರೆದಿಟ್ಟ ಪುಟ್ಟ ಆತ್ಮಕಥೆಗಳು ಸಿಕ್ಕವು. ಅವುಗಳ ವಾಕ್ಯಗಳಲ್ಲಿ ಹತ್ತು ಪದಗಳಿಗೆ ಎಷ್ಟು ವಿಚಾರಗಳು ಅಡಕವಾಗಿವೆ ಎಂದು ಎಣಿಸಿದರು. ಆ ಎಣಿಕೆ ಕಡಿಮೆಯಿದ್ದವರಲ್ಲೇ ಅರವತ್ತು ವರ್ಷಗಳ ನಂತರ, ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆ ಹೆಚ್ಚಾಗಿ ಕಂಡಿತು. ಹಾಗಾದರೆ ಬರವಣಿಗೆಯ ಶಕ್ತಿ ಅವರನ್ನು ಕಾಪಾಡಿತೇ, ಅಥವಾ ಬಡವಾದ ವಾಕ್ಯಗಳೇ ಕಾಯಿಲೆಯ ಮೊದಲ ಸುಳಿವೇ? ಇದು ಇನ್ನೂ ಚರ್ಚೆಯಲ್ಲೇ ಇದೆ.

ಇದೇ ಸನ್ಯಾಸಿನಿಯರಲ್ಲಿ ಒಬ್ಬರಾದ ಸಿಸ್ಟರ್ ಮೇರಿ ಎಂಬವರು 101ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದವರು. ಮೆದುಳನ್ನು ತೆರೆದು ನೋಡಿದರೆ ಆಲ್ಝೈಮರ್‌ನ ಗುರುತುಗಳು ಧಾರಾಳವಾಗಿದ್ದವು! ಇನ್ನೊಂದು ಸಂಗತಿಯೂ ಹೊರಬಿತ್ತು. ಆ ಗುರುತುಗಳ ಜೊತೆಗೆ ಸಣ್ಣಪುಟ್ಟ ಪಾರ್ಶ್ವವಾಯುವಿನ ಗಾಯಗಳೂ ಇದ್ದವರಲ್ಲಿ ಡಿಮೆನ್ಷಿಯಾ ಬಹಳ ಹೆಚ್ಚಾಗಿತ್ತು. ಅಂದರೆ ರಕ್ತನಾಳಗಳು ಚೆನ್ನಾಗಿದ್ದರೆ ಮೆದುಳು ಎಷ್ಟೋ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಇದಕ್ಕೆ ಬೇರೆ ಕಡೆಯಿಂದಲೂ ಬೆಂಬಲ ಸಿಕ್ಕಿದೆ. 1946ರ ಮಾರ್ಚ್‌ನ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 5,362 ಮಕ್ಕಳನ್ನು ಅಂದಿನಿಂದ ಗಮನಿಸುತ್ತಲೇ ಬಂದಿದ್ದಾರೆ. ಅವರಲ್ಲಿ ಕೆಲವರಿಗೆ ಎಪ್ಪತ್ತರ ಆಸುಪಾಸಿನಲ್ಲಿ ಮೆದುಳಿನ ಸ್ಕ್ಯಾನ್ ಮಾಡಿದಾಗ, 36ರಿಂದ 53ರ ನಡುವೆ ಬಿ.ಪಿ. ಏರಿದವರ ಮೆದುಳಿನಲ್ಲಿ ಹಾನಿ ಹೆಚ್ಚಾಗಿ ಕಂಡಿತು. 1948ರಲ್ಲಿ ಶುರುವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನವಂತೂ ಭರವಸೆಯ ಸುದ್ದಿಯನ್ನೇ ಕೊಟ್ಟಿತು: ಅಲ್ಲಿ 1970ರ ದಶಕದ ಕೊನೆಯಿಂದ ಹೊಸದಾಗಿ ಡಿಮೆನ್ಷಿಯಾ ಬರುವ ಪ್ರಮಾಣ ದಶಕಕ್ಕೆ ಸರಾಸರಿ ಶೇ. 20ರಷ್ಟು ಇಳಿದಿದೆ. ಆದರೆ ಈ ಇಳಿಕೆ ಕಂಡದ್ದು ಕನಿಷ್ಠ ಹೈಸ್ಕೂಲು ಮುಗಿಸಿದವರಲ್ಲಿ ಮಾತ್ರ. ಓದು ಸಿಗದವರಿಗೆ ಮುಪ್ಪಿನಲ್ಲೂ ಅದರ ನಷ್ಟ ತಪ್ಪಲಿಲ್ಲ ಎನ್ನುವುದು ನನ್ನನ್ನು ಕಾಡುವ ಮಾತು.

ಕೇಳುಗರೇ, ಇಂಥ ಅಧ್ಯಯನಗಳ ಹತ್ತಿರ ಇರುವಂಥದೇ ಒಂದು ಮಾಹಿತಿ ಮನೆಯವರ ಹತ್ತಿರವೂ ಇರುತ್ತದೆ: ಇವರು ಮೊದಲು ಹೇಗಿದ್ದರು ಎಂಬುದು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಆದರೆ ಜೀವನಪೂರ್ತಿ ಲೆಕ್ಕಪತ್ರ ನೋಡಿಕೊಂಡವರು ಚಿಲ್ಲರೆ ಎಣಿಸಲು ಪರದಾಡಿದರೆ, ನಡೆದಾಡಿದ ದಾರಿಯಲ್ಲೇ ದಿಕ್ಕು ತಪ್ಪಿದರೆ, ಅದನ್ನು ತಾರೀಖು ಸಮೇತ ಬರೆದಿಡಿ. ವೈದ್ಯರಿಗೆ ಆ ಚೀಟಿ ತೋರಿಸಿ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆ ಕೊಟ್ಟರೆ ಎಷ್ಟೋ ಸಲ ಸುಧಾರಿಸುತ್ತದೆ. ಹಾಗಾಗಿ ವಯಸ್ಸಾಯಿತಲ್ಲ ಎಂದು ಕೈಬಿಡುವ ಮೊದಲು ಒಮ್ಮೆ ರಕ್ತಪರೀಕ್ಷೆ ಮಾಡಿಸಿ.

ನಮಸ್ಕಾರ.